ಉಳಿದ ಆರು ನಿಮಿಷ

ಕಮಲಾಪುರದ ನಮ್ಮ ಗ್ರಂಥಾಲಯಕ್ಕೆ ಕಳೆದ ವರ್ಷ ಒಂದು ಕಂಪ್ಯೂಟರು, ನಾಲ್ಕು ಹೆಡ್‌ಫೋನು ಬಂದವು. ಬೆನ್ನಿಗೇ ಇಲಾಖೆಯ ಒಂದು ಪತ್ರವೂ ಬಂತು. ಓದುವ ಕೋಣೆಯಲ್ಲಿ ಹಾಡು ಕೇಳಲು ಒಂದು ಮೂಲೆ ಮಾಡಬೇಕು. ಅಲ್ಲಿ 'ಎಲ್ಲರೂ ಕೇಳಲೇಬೇಕಾದ ಹತ್ತು ಆಲ್ಬಂ' ಎಂದು ಫಲಕ ಹಾಕಬೇಕು. ನಾನಾ ಬಗೆಯ ಸಂಗೀತ ಇರಬೇಕು. ಹಾಡಿದವರ ಹೆಸರು ತಪ್ಪದೆ ಬರೆಸಬೇಕು. ಹತ್ತೇ ಯಾಕೆ, ಒಂಬತ್ತಾದರೆ ಯಾರ ಗಂಟು ಹೋಗುತ್ತದೆ ಎಂದು ಕೇಳುವಂತಿಲ್ಲ. ನಾನು ಇಲ್ಲಿ ಹದಿನಾಲ್ಕು ವರ್ಷದಿಂದ ಗ್ರಂಥಪಾಲಕಿ. ಯಾವ ಕಪಾಟಿನ ಯಾವ ಪುಸ್ತಕಕ್ಕೆ ಗೆದ್ದಲು ಹತ್ತಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಸಂಗೀತದ ಮಾತು ಬಂದರೆ ಮಾತ್ರ ಬಾಯಿ ಬಿಟ್ಟುಕೊಂಡು ಕೂರುವವಳು.

ಜನರನ್ನೇ ಕೇಳೋಣ ಎಂದು ಬಾಗಿಲಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಹದಿನೈದು ದಿನದಲ್ಲಿ ನಲವತ್ತು ಜನ ಬರೆದರು. ಕೆಲವರು ತಮ್ಮ ಮದುವೆಯ ವಿಡಿಯೋದ ಹಾಡು ಬರೆದರು. ಒಬ್ಬರು ಚರಂಡಿಯ ದೂರು ಬರೆದರು. ಆದರೆ ಹನ್ನೊಂದು ಜನ, ಒಬ್ಬರನ್ನೊಬ್ಬರು ಕೇಳದೆ, ಒಂದನ್ನೇ ಬರೆದಿದ್ದರು: ಹಳೆಯ ವಚನಗಳ ಕ್ಯಾಸೆಟ್ಟು, ಅದರಲ್ಲೂ ಕೊನೆಯ ಬೀಸುಕಲ್ಲಿನ ಹಾಡು.

ನನಗೆ ಖುಷಿಯಾಯಿತು. ಆ ಕ್ಯಾಸೆಟ್ಟು ನಮ್ಮ ಮನೆಯದೇ. ಅಜ್ಜ ಅಣವೀರಪ್ಪ ಮೂವತ್ತು ವರ್ಷದ ಹಿಂದೆ ತುಂಬಿಸಿಕೊಂಡು ಬಂದದ್ದು. ಊರಿನ ಅರ್ಧ ಜನ ನಮ್ಮಿಂದಲೇ ಇಸಿದುಕೊಂಡು ಕಾಪಿ ಮಾಡಿಸಿಕೊಂಡವರು. ಅಜ್ಜ ಹೋಗಿ ಹದಿನೆಂಟು ವರ್ಷವಾದರೂ ಅವ್ವ ಸೂಗಮ್ಮ ಇವತ್ತಿಗೂ ಸೋಮವಾರದ ಪೂಜೆಗೆ ಅದನ್ನು ಹಚ್ಚುತ್ತಾಳೆ. ಎಂಟು ವಚನ ಮುಗಿದ ಮೇಲೆ, ವಾದ್ಯವೇನೂ ಇಲ್ಲದೆ, ಒಬ್ಬ ಹೆಂಗಸು ಬೀಸುಕಲ್ಲಿನ ಜೊತೆ ಮಾತಾಡುತ್ತ ತನ್ನ ತಾಯಿಯನ್ನು ನೆನೆದು ಹಾಡುವ ಆರು ನಿಮಿಷವಿದೆಯಲ್ಲ, ಎಲ್ಲರೂ ಕಾಯುವುದು ಅದಕ್ಕೇ. ಅಜ್ಜ ಅದರ ಮೇಲೆ ಒಂದು ಪ್ರವಚನವನ್ನೇ ಕಟ್ಟಿದ್ದ. ಬೀಸುಕಲ್ಲೆಂದರೆ ಸಂಸಾರ, ಜೋಳವೆಂದರೆ ಜೀವ, ಹಿಟ್ಟೆಂದರೆ ಮುಕ್ತಿ. ಓಣಿಯ ಹಿರಿಯರು ಕೂತು ತಲೆದೂಗುತ್ತಿದ್ದರು.

ಕಂಪ್ಯೂಟರಿನಲ್ಲಿ ಹುಡುಕಿದೆ. ಆಲ್ಬಂ ಸಿಕ್ಕಿತು. ಎಂಟು ವಚನ ಇದ್ದವು. ಒಂಬತ್ತನೆಯದು ಇರಲಿಲ್ಲ. ಬೇರೆ ಬೇರೆ ಕಡೆ ಹುಡುಕಿದೆ, ಎಲ್ಲಿಯೂ ಇಲ್ಲ. ಹನ್ನೊಂದು ಜನ ಕೇಳಿದ್ದ, ನಾನು ಸಾವಿರ ಸಲ ಕೇಳಿದ್ದ ಹಾಡು ಜಗತ್ತಿನಲ್ಲೇ ಇಲ್ಲವೆಂದರೆ ಹೇಗೆ? ತಲೆ ಕೆಟ್ಟು ಹೋಯಿತು. ಇದನ್ನು ಬಿಡಿಸಿ ಹೇಳಬಲ್ಲವನು ದತ್ತಪ್ಪ ಒಬ್ಬನೇ, ಆ ಕ್ಯಾಸೆಟ್ಟು ತುಂಬಿಸಿಕೊಟ್ಟವನು ಅವನೇ.

ಆಗ ಕಮಲಾಪುರದ ಬಸ್‌ಸ್ಟ್ಯಾಂಡಿನ ಎದುರು, ಇಬ್ಬರು ಒಳಗೆ ನಿಂತರೆ ಮೂರನೆಯವರು ಬಿಸಿಲಲ್ಲಿ ನಿಲ್ಲಬೇಕಾದಷ್ಟು ಜಾಗದಲ್ಲಿ, ದತ್ತಪ್ಪ 'ಪಂಚಶೀಲ ರೆಕಾರ್ಡಿಂಗ್' ಎಂಬ ಅಂಗಡಿ ಇಟ್ಟಿದ್ದ. ಖಾಲಿ ಕ್ಯಾಸೆಟ್ಟು ಕೊಟ್ಟು ಬೇಕಾದದ್ದು ಹೇಳಿ ಹೋದರೆ ಸಂಜೆಗೆ ತುಂಬಿಸಿ ಇಡುತ್ತಿದ್ದ. ಸಂತೆಯ ದಿನ ಹಳ್ಳಿಯವರು ಕೆಂಪು ಬಾಳೆಯ ಗೊನೆ ಇಳಿಸಿ, ಮೊದಲು ಅವನ ಹತ್ತಿರ ಕ್ಯಾಸೆಟ್ಟು ಬಿಟ್ಟು, ಆಮೇಲೆ ಸಂತೆಗೆ ಹೋಗುತ್ತಿದ್ದರು. ಯಾರು ಏನು ಕೇಳುತ್ತಾರೆ ಎಂಬುದು ಪೋಸ್ಟ್‌ಮನ್ನನಿಗಿಂತ ಹೆಚ್ಚಾಗಿ ಅವನಿಗೆ ಗೊತ್ತಿತ್ತು. ಮುಂದೆ ಕಲಬುರಗಿಗೆ ಹೋಗಿ ಕೋಟೆಯ ಹತ್ತಿರ ಅಂಗಡಿ ಹಾಕಿದ. ಸಿಡಿ ಬಂತು, ಪೆನ್‌ಡ್ರೈವ್ ಬಂತು, ಕೊನೆಗೆ ಎಲ್ಲ ಹಾಡೂ ಜನರ ಜೇಬಿಗೇ ಬಂದವು. ಅಂಗಡಿ ಮುಚ್ಚಿತು. ಈಗ ಅರವತ್ತೈದರ ದತ್ತಪ್ಪ ಅಲ್ಲೇ ಹತ್ತಿರದ ಕಪನೂರಿನ ಒಂದು ಶೆಡ್ಡಿನಲ್ಲಿ ಮಿಕ್ಸರು, ಟೇಬಲ್ ಫ್ಯಾನು ರಿಪೇರಿ ಮಾಡುತ್ತಾನೆ.

ಒಂದು ಶನಿವಾರ ಅಲ್ಲಿಗೆ ಹೋದೆ. ಹೊಟ್ಟೆ ಬಿಚ್ಚಿಕೊಂಡ ಮಿಕ್ಸರುಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದ. ವಿಷಯ ಹೇಳಿದ ಕೂಡಲೇ ಮುಖ ಅರಳಿತು.

"ಹತ್ತ ಏನ್ರೀ ಅಕ್ಕಾರ? ಹತ್ತು ಸಾವಿರ ಹೇಳ್ತೀನಿ, ಬರ್ಕೋರಿ."

ಬರೆದುಕೊಂಡೆ. ಮೊದಲನೆಯದು ಒಬ್ಬ ಹಿರಿಯ ಗವಾಯಿ ಎರಡೂ ಸೈಡು ಒಂದೇ ಸಂಜೆರಾಗ ಹಾಡಿದ್ದು. ಎ ಸೈಡಿನಲ್ಲಿ ಬೇಸರವಾದರೂ ಏಳಬಾರದು, ಕೂತದ್ದರ ಕೂಲಿ ಬಿ ಸೈಡಿನಲ್ಲಿ ಸಿಗುತ್ತದೆ. ಉರುಸಿನ ಖವ್ವಾಲಿಯದೊಂದು, ಅದನ್ನು ನಾಲ್ಕು ಜನ ಸೇರಿಯೇ ಕೇಳಬೇಕು. ಜಯಂತಿಯ ಮೆರವಣಿಗೆಯಲ್ಲಿ ಹಾಡುವ ಭೀಮಗೀತೆಗಳದೊಂದು, ಅರ್ಧ ಮರಾಠಿ ಅರ್ಧ ಕನ್ನಡ, ಕೂತು ಕೇಳಿದರೆ ಅದಕ್ಕೆ ಅವಮಾನ. ಗಜಲಿನದು ಉರ್ದು ಬಾರದವರಿಗೇ ಹೆಚ್ಚು ತಿಳಿಯುತ್ತದೆಯಂತೆ. ಆಮೇಲೆ ಶಹನಾಯಿ, ತತ್ವಪದ, ಮದುವೆಯ ಬ್ರಾಸ್ ಬ್ಯಾಂಡು, ಹಳೆಯ ಸಿನಿಮಾದ ಅಳುವ ಹಾಡುಗಳು. ಇವೆಲ್ಲದರ ನಡುವೆ ಯಾರೋ ಎಂಜಿನಿಯರಿಂಗ್ ವಿದ್ಯಾರ್ಥಿ ತುಂಬಿಸಲು ಕೊಟ್ಟು ಮರೆತುಹೋದ ಒಂದು ಇಂಗ್ಲಿಷ್ ಗಿಟಾರಿನ ಕ್ಯಾಸೆಟ್ಟು. "ಹಾಡಾಂವ ಯಾರ ಮ್ಯಾಲ ಸಿಟ್ಟಾಗ್ಯಾನ ಇನ್ನಾ ತಿಳದಿಲ್ಲ. ಆದ್ರ ಸಿಟ್ಟು ಖರೇ ಅದ ನೋಡ್ರಿ," ಎಂದ.

ಒಂಬತ್ತಾದವು. ಹತ್ತನೆಯದು ನಮ್ಮೂರಿನವರೇ ಆರಿಸಿದ್ದು ಎಂದು ಆ ವಚನದ ಕ್ಯಾಸೆಟ್ಟಿನ ಹೆಸರು ಹೇಳಿದೆ. ಕೊನೆಯ ಹಾಡು ಯಾಕೆ ಎಲ್ಲೂ ಸಿಗುತ್ತಿಲ್ಲ, ಅದನ್ನು ಹಾಡಿದವರು ಯಾರು ಎಂದು ಕೇಳಿದೆ. ದತ್ತಪ್ಪ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಮತ್ತೆ ಎತ್ತಿಕೊಂಡ.

"ಕಂಪನಿಯವ್ರು ಆಮ್ಯಾಲ ತೆಗದಿರಬೇಕ್ರಿ," ಎಂದ. ಸ್ವಲ್ಪ ಹೊತ್ತಿಗೆ, "ಅದು ಹೈದರಾಬಾದಿನಿಂದ ಬಂದ ಮಾಲು, ಅಲ್ಲಿಂದು ಬ್ಯಾರೇನ ಇತ್ತು," ಎಂದ. ಇನ್ನೂ ಸ್ವಲ್ಪ ಹೊತ್ತಿಗೆ, "ನನಗ ನೆನಪಿಲ್ರಿ," ಎಂದ. ಒಂದು ಪ್ರಶ್ನೆಗೆ ಮೂರು ಉತ್ತರ. ನನಗೆ ಸಿಟ್ಟು ಬಂತು. ಹಾಡು ಅಳಿಸಿದ ಕಂಪನಿಯ ಮೇಲೆ ಸಿಟ್ಟಾಗಬೇಕೋ, ಇವನ ಮೇಲೋ, ಅದೂ ತಿಳಿಯಲಿಲ್ಲ.

ಪಕ್ಕದ ಶೆಡ್ಡಿನಲ್ಲಿ ಮೋಟಾರಿಗೆ ತಂತಿ ಸುತ್ತುವ ನದೀಮ್ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದನೆಂದು ಕಾಣುತ್ತದೆ. ಕೈ ಒರೆಸುತ್ತ ಬಂದು ನಿಂತ. "ಅಕ್ಕಾ, ಇವ್ನ ಕ್ಯಾಸೆಟ್ ನಂಬಬ್ಯಾಡ್ರಿ. ನಮ್ಮ ಅಬ್ಬಾನ ಖವ್ವಾಲಿ ಕ್ಯಾಸೆಟ್ಟಿನ ಆಖರಿಗೆ ಶಿವನ ಭಜನಿ ಅದ. ಖವ್ವಾಲ್ ಸಾಹೇಬ್ರು ಭಾಳ ದೊಡ್ಡ ದಿಲ್‌ನವ್ರು ಅಂತ ಅಬ್ಬಾ ಇಪ್ಪತ್ತು ವರ್ಷ ಎಲ್ಲಾರ ಮುಂದ ಹೇಳಿದ್ರು. ಮಾಡಿದ್ದು ಈ ದತ್ತಪ್ಪ!"

ದತ್ತಪ್ಪ ನಾಚಿಕೊಂಡು ನಕ್ಕ. ಆಮೇಲೆ ತನ್ನ ಅಂಗಡಿಯ ಗುಟ್ಟು ಬಿಟ್ಟುಕೊಟ್ಟ. ಖಾಲಿ ಕ್ಯಾಸೆಟ್ಟು ಅರವತ್ತು ನಿಮಿಷದ್ದು. ಆಲ್ಬಂ ಐವತ್ತೋ ಐವತ್ತನಾಲ್ಕೋ ನಿಮಿಷಕ್ಕೆ ಮುಗಿಯುತ್ತದೆ. ಉಳಿದದ್ದು ಖಾಲಿ ತಿರುಗಿದರೆ, ಟೇಪು ಕೆಟ್ಟಿತೆಂದು ಗಿರಾಕಿ ಅದನ್ನು ಬಡಿಯುತ್ತಾನೆ, ಇಲ್ಲವೇ ಅರ್ಧ ತುಂಬಿಸಿ ಮೋಸ ಮಾಡಿದ ಎಂದು ಅಂಗಡಿಗೆ ಬಂದು ಬೈಯುತ್ತಾನೆ. ಅದಕ್ಕೇ ಉಳಿದ ಜಾಗಕ್ಕೆ ಕೈಗೆ ಸಿಕ್ಕ, ಅಷ್ಟೇ ಉದ್ದದ ಹಾಡೊಂದನ್ನು ತುಂಬಿಬಿಡುತ್ತಿದ್ದ. ಯಾವ ಹಾಡು ಎಂದು ಯಾರಿಗೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ಅಂದರೆ ನಮ್ಮ ಊರಿನಲ್ಲಿ ಯಾರೊಬ್ಬರೂ ಒಂದು ಆಲ್ಬಮ್ಮನ್ನೂ ಕಂಪನಿ ಮಾಡಿದ ಹಾಗೆ ಕೇಳಿಲ್ಲ. ನಾನೇ ಕಾಲೇಜಿನಲ್ಲಿ ಗೆಳತಿಯರ ಎದುರು, ಆ ಗಜಲ್ ಗಾಯಕ ಕೊನೆಗೆ ಬ್ಯಾಂಡಿನ ಜೊತೆಗೂ ಹಾಡುತ್ತಾನೆ ಗೊತ್ತೇನು ಎಂದು ಜಂಬ ಕೊಚ್ಚಿದವಳು. ನೆನೆದು ಕಿವಿ ಬಿಸಿಯಾಯಿತು. ಎಲ್ಲರೂ ಕೇಳಲೇಬೇಕಾದ ಆಲ್ಬಂ ಎಂದು ಬರೆಸಲು ಹೊರಟಿದ್ದೇನಲ್ಲ, ಯಾವ ಆಲ್ಬಂ? ಕಂಪನಿಯದೋ, ದತ್ತಪ್ಪನದೋ?

"ಹಂಗಾದ್ರ ನಮ್ಮ ಕ್ಯಾಸೆಟ್ಟಿನಾಗ ತುಂಬಿದ್ದು ಯಾರ ಹಾಡು?" ಎಂದು ಕೇಳಿದೆ.

ನಗು ನಿಂತಿತು. "ನಾಳಿ ಆಯಿತವಾರ ಮನಿಗೆ ಬರ್ರಿ. ಕ್ಯಾಸೆಟ್ ತರ್ರಿ," ಎಂದು ಮಿಕ್ಸರಿನತ್ತ ತಿರುಗಿದ.

ಕ್ಯಾಸೆಟ್ಟು ಕೊಡು ಎಂದಾಗ ಅವ್ವ ಯಾರಿಗೆ ತೋರಿಸುತ್ತೀ ಎಂದಳು. ದತ್ತಪ್ಪನಿಗೆ ಎಂದೆ. ಸ್ವಲ್ಪ ತಡೆದು, ಒಂದು ಕರವಸ್ತ್ರದಲ್ಲಿ ಸುತ್ತಿ ಕೊಟ್ಟಳು. ಅದರ ರೀಲು ಎರಡು ಸಲ ತುಂಡಾಗಿ ಅಂಟಿಸಿಕೊಂಡದ್ದು. ಉಳಿದ ಮನೆಗಳ ಕಾಪಿಗಳು ಎಂದೋ ರದ್ದಿಗೆ ಹೋಗಿವೆ, ಈಗ ಇರುವುದು ಇದೊಂದೇ.

ಕೋಟೆಯ ಹಿಂದಿನ ಓಣಿಯಲ್ಲಿ ದತ್ತಪ್ಪನ ಮನೆ. ಅವನ ಹೆಂಡತಿ ಭಾನುವಾರದ ವಂದನೆಗೆ ಬುದ್ಧವಿಹಾರಕ್ಕೆ ಹೋಗಿದ್ದಳು. ಹಳೆಯ ಟೇಪು ಇನ್ನೂ ಚೆನ್ನಾಗಿಟ್ಟಿದ್ದ. ಬಿ ಸೈಡಿನ ಕೊನೆಗೆ ಓಡಿಸಿ ಹಚ್ಚಿದ. ಬೀಸುಕಲ್ಲಿನ ಹಾಡು ಶುರುವಾಯಿತು. ಅವನು ಅರ್ಧಕ್ಕೇ ನಿಲ್ಲಿಸಿ, ಕಣ್ಣು ಒರೆಸಿಕೊಂಡ.

"ನನ್ನ ಹೆಂಡ್ತಿ ಸಾವಿತ್ರಿದು ರೀ."

ಅವತ್ತು ಆರು ನಿಮಿಷಕ್ಕೆ ಸರಿಯಾದ ಹಾಡು ಎಷ್ಟು ಹುಡುಕಿದರೂ ಸಿಗಲಿಲ್ಲವಂತೆ. ಅಜ್ಜ ಬರುವ ಹೊತ್ತು ಬೇರೆ ಆಗಿತ್ತು. ಹೆಂಡತಿ ಊಟದ ಡಬ್ಬಿ ತಂದಿದ್ದಳು. ಮೈಕು ಸರಿ ಇದೆಯೋ ನೋಡೋಣ, ಏನಾದರೂ ಹಾಡು ಎಂದ. ಆಕೆ ಹಾಡಿದಳು. ಕ್ಯಾಸೆಟ್ಟು ತುಂಬಿತು, ಅಜ್ಜ ಒಯ್ದ. ಅದು ಇಷ್ಟು ದೂರ ಹೋಗುತ್ತದೆಂದು ಅವನಿಗೇನು ಕನಸೇ? ಒಬ್ಬೊಬ್ಬರೇ ಅದರ ಕಾಪಿ ಕೇಳಿಕೊಂಡು ಬರತೊಡಗಿದಾಗ ಹೆದರಿಕೆ, ಅದರ ಕೆಳಗೆ ಖುಷಿ. ಐವತ್ತು ಕಾಪಿಯನ್ನಾದರೂ ತನ್ನ ಕೈಯಾರೆ ಮಾಡಿದ್ದಾನೆ.

"ಅಕಿಗಿ ಇವತ್ತಿಗೂ ಗೊತ್ತಿಲ್ರಿ. ಈಗ ನೀವು ಬೋರ್ಡಿಗೆ ಹೆಸರು ಕೇಳಾಕತ್ತೀರಿ. ಬರದ್ರ, ನಿಮ್ಮ ಮನಿ ದೇವರ ಖೋಲಿಯಾಗ ಇಷ್ಟು ವರ್ಷ ನಮ್ಮಾಕಿ ದನಿ ಇತ್ತು ಅಂತ ಗೊತ್ತಾಗ್ತದ. ನಿಮ್ಮ ಮಂದಿ ಇದನ್ನ ಸುಟ್ಟ ಬಿಟ್ರ? ಇದೊಂದ ಉಳದದ. ಬರೀದಿದ್ರ, ಊರಿಗೆಲ್ಲ ಅಕಿ ಹಾಡು ಬೇಕು, ಅಕಿ ಯಾರಂತ ಯಾರಿಗೂ ಗೊತ್ತಿಲ್ಲ. ಯಾವುದು ಖರೇ, ಯಾವುದು ಗಲತ್? ನನಗ ಏನೂ ತಿಳೀದಂಗಾಗ್ಯಾದ."

ಅಜ್ಜನ ಪ್ರವಚನ ನೆನಪಾಗಿ ನಗು ಬಂತು. ಆಕೆಯ ಕುಲದವರನ್ನು ಅಜ್ಜ ಎಲ್ಲಿ ನಿಲ್ಲಿಸುತ್ತಿದ್ದ ಎಂಬುದು ನೆನಪಾಗಿ ಆ ನಗುವಿಗೇ ನಾಚಿಕೆಯಾಯಿತು. ಎಲ್ಲರೂ ಒಂದೇ ಎನ್ನುವ ಎಂಟು ವಚನ ಕೇಳಿಯೇ ಅಲ್ಲವೇ ನಾವು ಒಂಬತ್ತನೆಯದಕ್ಕೆ ಬರುತ್ತಿದ್ದುದು. ಕೊನೆಗೆ, ಸರ್ಕಾರಿ ನೌಕರಳ ಬುದ್ಧಿ ಎಲ್ಲಿ ಹೋದೀತು, "'ಜನಪದ' ಅಂತ ಬರಿಯೋಣೇನು? ಯಾರಿಗೂ ತೊಂದ್ರಿ ಇಲ್ಲ," ಎಂದೆ.

ದತ್ತಪ್ಪ ಹೂಂ ಎನ್ನುವುದರಲ್ಲಿದ್ದ.

"ಜನಪದ ಅಂದ್ರ ಯಾರ್ರೀ? ನಾ ಕಟ್ಟಿದ ಹಾಡು ಅದು. ನಮ್ಮವ್ವ ಸತ್ತ ವರ್ಷ."

ಬಾಗಿಲಲ್ಲಿ ಬಿಳಿ ಸೀರೆಯ ಸಾವಿತ್ರಿಬಾಯಿ ನಿಂತಿದ್ದಳು. ಓಣಿಗೆ ಬರುವಾಗಲೇ ತನ್ನ ದನಿ ಕೇಳಿಸಿತ್ತಂತೆ, ಬಾಗಿಲಿಗೆ ಬಂದ ಮೇಲೆ ನಮ್ಮ ಬೋರ್ಡಿನ ಮಾತೂ. ದತ್ತಪ್ಪ ಎದ್ದು ನಿಂತ, ಏನೋ ಹೇಳಲು ಹೋದ.

"ನೀವು ಕುಂಡ್ರಿ. ನನಗ ಎಂದೋ ಗೊತ್ತದ," ಎಂದು ಗಂಡನಿಗೆ ಹೇಳಿ ನನ್ನ ಎದುರು ಕೂತಳು. ಅವನು ಟೇಪಿನ ಪಕ್ಕ ಕೂತ.

ಆಗ ಸಾವಿತ್ರಿಬಾಯಿ ನಮ್ಮ ಬಾಳೆತೋಟಕ್ಕೆ ಕೂಲಿಗೆ ಬರುತ್ತಿದ್ದಳು. ಇದು ನನಗೆ ನೆನಪೇ ಇರಲಿಲ್ಲ. ಕೂಲಿಯವರೆಲ್ಲ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಸೇರಿ ತೋಟಕ್ಕೆ ಹೋಗುವುದು. ಸೋಮವಾರ ಪೂಜೆ ಮುಗಿಯುವ ತನಕ ಅಲ್ಲೇ ಕಾಯಬೇಕು.

"ಮೊದಲ್ನೇ ಸಲ ಕೇಳಿದಾಗ ನನಗ ಹುಚ್ಚು ಹಿಡೀತೇನೋ ಅನಸ್ತು. ನಾ ಬಾಯಿ ಮುಚ್ಚಿಕೊಂಡು ಕುಂತೀನಿ, ನನ್ನ ದನಿ ಒಳಗ ಹಾಡಾಕತ್ತದ. ಅದು ಮುಗದ ಮ್ಯಾಲ ನಿಮ್ಮ ಅಜ್ಜಾರು ಜೋಳ ಅಂದ್ರ ಜೀವ ಅಂತ ಹೇಳೋರು. ಜೋಳ ಅಂದ್ರ ಜೋಳನ ರೀ ಅಕ್ಕಾರ. ನಮ್ಮವ್ವ ಮಂದಿ ಮನಿ ಜೋಳ ಬೀಸಿ ಬೀಸಿ ಸತ್ತಳು. ನಗೂನೂ ಬರ್ತಿತ್ತು, ಅಳೂನೂ ಬರ್ತಿತ್ತು. ನನ್ನ ದನಿ ದೇವರ ಖೋಲಿಯಾಗ, ನಾ ಅಂಗಳದಾಗ."

"ಯಾರಿಗಾದ್ರೂ ಹೇಳಬೇಕಿತ್ತು," ಎಂದೆ. ಎಷ್ಟು ಪೆದ್ದು ಮಾತು ಎಂದು ಆಡಿದ ಮೇಲೆ ತಿಳಿಯಿತು.

"ನಿಮ್ಮವ್ವಾರಿಗೆ ಗೊತ್ತಿತ್ತಲ್ಲ. ಒಂದಿನ ತೋಟದಾಗ ನಾ ಹಾಡೋದು ಕೇಳಿದ್ರು. ಮರುದಿನ ಬೊಗಸಿಗೆ ಮ್ಯಾಲಿಂದ ನೀರು ಹಾಕುವಾಗ ಸಣ್ಣ ದನೀಲೆ ಕೇಳಿದ್ರು, ಅದು ನೀನೇನು ಅಂತ. ಹೌದ್ರಿ ಅಂದೆ. ಯಾರ ಮುಂದೂ ಹೇಳಬ್ಯಾಡ ಅಂದ್ರು. ಹೇಳ್ಲಿಲ್ಲ. ಇವ್ರ ಮುಂದೂ ಹೇಳ್ಲಿಲ್ಲ."

ನನಗೆ ಅಲ್ಲಿಂದ ಎದ್ದು ಹೋಗಿಬಿಡಬೇಕು ಅನಿಸಿತು. ಫಲಕದ ಮಾತನ್ನು ಆಕೆಯೇ ಎತ್ತಿದಳು. "ಬೋರ್ಡಿನ ಮ್ಯಾಲ ಏನ್ ಬರೀಬೇಕು ಅಂತ ನಿಮ್ಮವ್ವಾರು ಈ ಮನಿಗೆ ಬಂದು ಹೇಳ್ಲಿ. ಅವ್ರು ಏನ್ ಹೇಳ್ತಾರ ಅದನ್ನ ಬರೀರಿ. ಏನೂ ಬ್ಯಾಡ ಅಂದ್ರ ಏನೂ ಬ್ಯಾಡ." ದತ್ತಪ್ಪ ಒಮ್ಮೆ ಹೆಂಡತಿಯನ್ನು, ಒಮ್ಮೆ ಕ್ಯಾಸೆಟ್ಟನ್ನು ನೋಡುತ್ತ ಕೂತಿದ್ದ. ಕ್ಯಾಸೆಟ್ಟನ್ನು ನಾನು ಅಲ್ಲಿಯೇ ಬಿಟ್ಟು ಬಂದೆ.

ಸಂಜೆ ಅವ್ವ ಮೆಂತ್ಯ ಸೋಸುತ್ತಿದ್ದಳು. ದತ್ತಪ್ಪನ ಹೆಂಡತಿ ಹೀಗೆ ಹೇಳಿದಳು, ನಿಜವೇ ಎಂದು ಕೇಳಿದೆ. ಅವ್ವ ತಲೆ ಎತ್ತಲಿಲ್ಲ.

"ಹೂಂ. ಗೊತ್ತಿತ್ತು. ಹೇಳಿದ್ರ ಮಾವನವ್ರು ಅವತ್ತ ತಿಪ್ಪಿಗಿ ಒಗೀತಿದ್ರು. ನಾ ಸುಮ್ಮನಿದ್ದಕ್ಕ ಹಾಡು ಉಳೀತು."

"ಹಾಡು ಉಳೀತು. ಅಕಿನ್ನ ಅಂಗಳದಾಗ ಕುಂಡ್ರಿಸಿದ್ದು?"

"ನನ್ನ ಮಾತು ಯಾರು ಕೇಳ್ತಿದ್ರು? ನಾ ಸ್ವಸಿ."

"ಅಜ್ಜ ಹೋಗಿ ಹದಿನೆಂಟು ವರ್ಷ ಆತು ಅವ್ವ," ಎಂದೆ.

ಅವ್ವ ಮೆಂತ್ಯ ಸೋಸುವುದನ್ನು ಬಿಟ್ಟು ಒಳಗೆ ಹೋದಳು. ಆಮೇಲೆ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ಅವ್ವನದು ಕಳ್ಳತನವೋ, ಪ್ರೀತಿಯೋ, ಹೆದರಿಕೆಯೋ? ಮೂರನ್ನೂ ಸೇರಿಸಿ ಒಂದು ಹೆಸರಿದ್ದರೆ ನನಗೆ ಗೊತ್ತಿಲ್ಲ. ಬೋರ್ಡು ಬರೆಯುವವನು ಒಂಬತ್ತು ಸಾಲು ಬರೆದು, ಹತ್ತನೆಯದು ಏನು ಮೇಡಂ ಎಂದು ದಿನಕ್ಕೆ ಎರಡು ಸಲ ಫೋನು ಮಾಡುತ್ತಿದ್ದ. ಸೋಮವಾರ ಉದ್ಘಾಟನೆ.

ನಾಲ್ಕನೆಯ ದಿನ ಅವ್ವ ಇಳಕಲ್ ಸೀರೆ ಉಟ್ಟು ಬಂದು, "ಕಲಬುರಗಿ ಬಸ್ಸು ಎಷ್ಟಕ್ಕದ?" ಎಂದು ಕೇಳಿದಳು.

ದತ್ತಪ್ಪನ ಮನೆಯ ಬಾಗಿಲಲ್ಲಿ ಅವ್ವ ಚಪ್ಪಲಿ ಬಿಟ್ಟು, ಒಳಗೆ ಬರಬೇಕೋ ಅಲ್ಲೇ ನಿಲ್ಲಬೇಕೋ ತಿಳಿಯದೆ ಹೊಸ್ತಿಲ ಹತ್ತಿರ ತಡೆದಳು. ಸಾವಿತ್ರಿಬಾಯಿ "ಒಳಗ ಬರ್ರಿ ಅವ್ವಾರ" ಎಂದು ಕುರ್ಚಿ ತೋರಿಸಿದಳು. ಅವ್ವ ಕುರ್ಚಿಯ ತುದಿಯಲ್ಲಿ ಕೂತಳು. ದತ್ತಪ್ಪ ಗಡಿಬಿಡಿಯಲ್ಲಿ ಎ ಸೈಡು ಹಾಕಿದ, ತೆಗೆದ, ತಿರುಗಿಸಿ ಹಾಕಿದ. ಆರು ನಿಮಿಷ ನಾವು ನಾಲ್ವರೂ ನೆಲ ನೋಡುತ್ತ ಕೇಳಿದೆವು. ಟೇಪು ಟಕ್ಕೆಂದು ನಿಂತಿತು.

"ಈಗ ಹೇಳ್ರಿ. ಏನ್ ಬರೀಲಿ ಇವ್ರು?" ಎಂದು ಸಾವಿತ್ರಿಬಾಯಿ ಕೇಳಿದಳು.

"ಹಾಡಿದವ್ರ ಹೆಸರು ಬರೀಲಿ," ಎಂದಳು ಅವ್ವ. ಬಸ್ಸಿನಲ್ಲಿ ಅದನ್ನೇ ಕಟ್ಟಿಕೊಂಡು ಬಂದಿದ್ದಳೆಂದು ಕಾಣುತ್ತದೆ, ದನಿ ಗಟ್ಟಿಯಾಗಿತ್ತು. "ದೊಡ್ಡ ಅಕ್ಷರದಾಗ ಬರೀಲಿ. ಯಾರರ ಕೇಳಿದ್ರ ನಾ ಹೇಳ್ತೀನಿ."

ದತ್ತಪ್ಪ ಮುಖ ಮುಚ್ಚಿಕೊಂಡ.

"ಹಂಗಾದ್ರ ಹೇಳ್ರಿ," ಎಂದಳು ಸಾವಿತ್ರಿಬಾಯಿ. "ಏನು ಹೆಸರು?"

ಅವ್ವ ಬಾಯಿ ತೆರೆದಳು. ಏನೂ ಬರಲಿಲ್ಲ. ನನ್ನ ಕಡೆ ನೋಡಿದಳು. ನಮ್ಮ ಅಂಗಳದಲ್ಲಿ ಆಕೆಯನ್ನು ಯಾವತ್ತೂ 'ಏ ದತ್ತ್ಯಾನ ಹೆಂಡ್ತಿ' ಎಂದೇ ಕರೆದದ್ದು. ಅವತ್ತು ಸಂಜೆ ನಾನೂ ಮನೆಯಲ್ಲಿ ದತ್ತಪ್ಪನ ಹೆಂಡತಿ ಎಂದೇ ಹೇಳಿದ್ದೆ. ಹೇಳಿಕೊಡಬಹುದಿತ್ತು, ಹೇಳಲಿಲ್ಲ. ದತ್ತಪ್ಪ ಹೇಳಲು ಹೋದ. ಸಾವಿತ್ರಿಬಾಯಿ ಕೈ ಎತ್ತಿ ತಡೆದಳು.

ಅವ್ವನ ಮುಖ ಕೆಂಪಾಯಿತು. ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನನಗ ಗೊತ್ತಿಲ್ರಿ," ಎಂದಳು. "ಇಷ್ಟು ವರ್ಷ ಕೇಳೀನಿ, ಹೆಸರು ಕೇಳಿಲ್ಲ. ಈಗ ಕೇಳ್ತೀನಿ. ಹೇಳ್ರಿ."

"ಸಾವಿತ್ರಿಬಾಯಿ," ಎಂದಳು ಆಕೆ, ಅವ್ವನನ್ನೇ ನೋಡುತ್ತ. "ಪೂರಾ ಬರಸ್ರಿ."